ಬಿಎಸ್ 381ಸಿ ಶೇಡ್ ಕಾರ್ಡ್: ಆರು ವರ್ಷ, ಹನ್ನೊಂದು ಸ್ಪಿಟ್‌ಫೈರ್

ನಾನು ಈ ಶೇಡ್ ಕಾರ್ಡ್ ಕೊಳ್ಳೋದಕ್ಕೆ ಒಂದು ಬಣ್ಣದ ಬಾಟಲಿ ಕಾರಣ. ಲೇಬಲ್ ಮೇಲೆ 'ಸ್ಕೈ' ಅಂತ ಇತ್ತು, ಅಂದರೆ ಹಸಿರು ಛಾಯೆಯ ತಿಳಿ ಬಣ್ಣ. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ ಸ್ಪಿಟ್‌ಫೈರ್, ಅದು 1940ರಲ್ಲಿ ಇದ್ದ ಹಾಗಿನ ಪುಟ್ಟ ಮಾಡೆಲ್ ಒಂದರ ಹೊಟ್ಟೆಗೆ ಎರಡು ಕೋಟ್ ಹೊಡೆದೆ. ಒಣಗಿದ ಮೇಲೆ ನೋಡಿದರೆ ನೆನೆಸಿದ ಹೆಸರುಬೇಳೆಯ ಹಳದಿ! ಕಂಪನಿ ಯಾವುದು ಅಂತ ಹೇಳುವುದು ಬೇಡ. ಎರಡು ತಿಂಗಳ ಕೆಲಸ ಅದು, ತುಂಬಾ ಬೇಜಾರಾಯಿತು. ಲೇಬಲ್ ನೋಡಿ ಬಣ್ಣ ಹಚ್ಚುವುದನ್ನು ಆವತ್ತೇ ಬಿಟ್ಟೆ.

ಬಿಎಸ್ 381ಸಿ ಅಂದರೆ ಬ್ರಿಟನ್ನಿನ ಬಣ್ಣಗಳ ಸ್ಟ್ಯಾಂಡರ್ಡ್. ಪೇಂಟ್ ಅಂಗಡಿಯ ಶೇಡ್ ಕಾರ್ಡ್ ತರಹವೇ ಇರುತ್ತದೆ. ಒಂದೊಂದು ಬಣ್ಣಕ್ಕೂ ಮೂರಂಕಿಯ ನಂಬರ್. ಬ್ರಿಟಿಷ್ ವಾಯುಪಡೆಯ ವಿಮಾನಗಳ ಮಾಡೆಲ್ ಮಾಡುವವರಿಗೆ ಬೇಕಾದ ಮುಖ್ಯ ಬಣ್ಣಗಳೆಲ್ಲ ಇದರಲ್ಲಿವೆ: ಸ್ಕೈ 210, ಡಾರ್ಕ್ ಅರ್ತ್ 450, ಓಷನ್ ಗ್ರೇ 629, ಮೀಡಿಯಂ ಸೀ ಗ್ರೇ 637, ಡಾರ್ಕ್ ಗ್ರೀನ್ 641. ಹೊರದೇಶದಿಂದ ತರಿಸಿದ್ದರಿಂದ ಒಂದು ಒಳ್ಳೆಯ ಮಾಡೆಲ್ ಕಿಟ್‌ಗಿಂತ ಜಾಸ್ತಿಯೇ ಖರ್ಚಾಯಿತು. ಆದರೂ ನನ್ನ ಮೇಜಿನ ಮೇಲೆ ಇಷ್ಟು ಕೆಲಸಕ್ಕೆ ಬಂದ ವಸ್ತು ಬೇರೆ ಇಲ್ಲ.

ನಾನು ಬಳಸುವ ರೀತಿ ಹೇಳುತ್ತೇನೆ. ಬಿಳಿ ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಮೊದಲು ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಮ್ಯಾಟ್ ವಾರ್ನಿಶ್. ಒಂದು ರಾತ್ರಿ ಒಣಗಲು ಬಿಡುತ್ತೇನೆ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಲೇಬಾರದು, ನಾನು ಬಳಸುವ ಅಕ್ರಿಲಿಕ್ ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ ಚಮಚವನ್ನೂ ಕಾರ್ಡನ್ನೂ ಒತ್ತಿ ಇಡುತ್ತೇನೆ. ಮೇಲೆ ಬೂದು ಬಣ್ಣದ ಒಂದು ಕಾಗದ, ಅದರಲ್ಲಿ ಎರಡು ತೂತು. ಒಂದರಲ್ಲಿ ಕಾರ್ಡಿನ ಬಣ್ಣ, ಇನ್ನೊಂದರಲ್ಲಿ ನನ್ನ ಬಣ್ಣ. ಸುತ್ತಲಿನದೇನೂ ಕಾಣದಿದ್ದಾಗ ಕಣ್ಣು ಮೋಸ ಹೋಗುವುದಿಲ್ಲ. ಅದೇ ಚಮಚವನ್ನು ರಾತ್ರಿ ಎಲ್‌ಇಡಿ ಬಲ್ಬಿನ ಕೆಳಗೆ ನೋಡಿ. ಬೆಳಿಗ್ಗೆ ಹೊಂದಿದ್ದ ಡಾರ್ಕ್ ಗ್ರೀನ್ ಕಂದು ಹೊಡೆಯುತ್ತಿರುತ್ತದೆ! ಎರಡು ಪೇಂಟ್‌ಗಳಲ್ಲಿ ಬೇರೆ ಬೇರೆ ಪಿಗ್ಮೆಂಟ್ ಇದ್ದರೆ ಒಂದು ಬೆಳಕಿನಲ್ಲಿ ಕೂಡಿ ಇನ್ನೊಂದರಲ್ಲಿ ಬೇರೆಯಾಗುತ್ತವೆ.

ಕಾರ್ಡ್ ಕೈಯಲ್ಲಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ನಿಮ್ಮ ವಿಮಾನದ ತಾರೀಖು ಗೊತ್ತಿಲ್ಲದೆ ಕಾರ್ಡ್ ಬಿಚ್ಚಬೇಡಿ. ಇದನ್ನು ನಾನು ಕಲಿತದ್ದು ನಾಲ್ಕನೇ ಮಾಡೆಲ್ ಮಾಡುವಾಗ. 1941ರ ಆಗಸ್ಟ್‌ನಲ್ಲಿ ಬ್ರಿಟಿಷ್ ಫೈಟರ್‌ಗಳ ಬಣ್ಣವೇ ಬದಲಾಯಿತು. ಮೇಲ್ಭಾಗದಲ್ಲಿ ಮಣ್ಣಿನ ಬಣ್ಣದ ಡಾರ್ಕ್ ಅರ್ತ್ ಹೋಗಿ ಓಷನ್ ಗ್ರೇ ಬಂತು, ಹೊಟ್ಟೆಯಲ್ಲಿ ಸ್ಕೈ ಹೋಗಿ ಮೀಡಿಯಂ ಸೀ ಗ್ರೇ ಬಂತು. ಆದರೆ ಹೊಸ ಓಷನ್ ಗ್ರೇ ಎಲ್ಲ ಕಡೆ ಸಿಗುವಷ್ಟು ಇರಲಿಲ್ಲ. ಅದಕ್ಕೆ ಏಳು ಪಾಲು ಮೀಡಿಯಂ ಸೀ ಗ್ರೇಗೆ ಒಂದು ಪಾಲು ನೈಟ್, ಅಂದರೆ ಕಪ್ಪು, ಬೆರೆಸಿ ಹೊಡೆಯಲು ಹೇಳಿದರು. ಅದೇ 'ಮಿಕ್ಸೆಡ್ ಗ್ರೇ'. ಆ ವರ್ಷದ ಸೆಪ್ಟೆಂಬರಿನ ವಿಮಾನಕ್ಕೆ ನಾನು 629 ನೋಡಲೇ ಇಲ್ಲ. 637ಕ್ಕೆ ಹೊಂದಿಸಿದ ಬಣ್ಣ ಏಳು ಹನಿ, ಕಪ್ಪು ಒಂದು ಹನಿ, ಹಳೆಯ ಸ್ಟೀಲ್ ಬಟ್ಟಲಿನಲ್ಲಿ ಕಲಸಿದೆ. ಓಷನ್ ಗ್ರೇಯಲ್ಲಿರುವ ನೀಲಿ ಛಾಯೆ ಅದರಲ್ಲಿ ಇರಲಿಲ್ಲ, ಬರೀ ಬೂದಿ. ಎಂಬತ್ತು ವರ್ಷದ ಹಿಂದೆ ಯಾವುದೋ ಹ್ಯಾಂಗರಿನಲ್ಲಿ ಒಬ್ಬರು ಬಕೆಟ್ಟಿನಲ್ಲಿ ಕಲಸಿದ್ದನ್ನೇ ನಾನು ಹನಿ ಲೆಕ್ಕದಲ್ಲಿ ಕಲಸಿದ್ದೆ. ಆ ಮಧ್ಯಾಹ್ನ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಸ್ಕೈ ವಿಷಯಕ್ಕೂ ಹೀಗೆಯೇ. 1940ರ ಜೂನ್‌ನಲ್ಲಿ ಫೈಟರ್‌ಗಳ ಹೊಟ್ಟೆಗೆ ಸ್ಕೈ ಹಚ್ಚಬೇಕು ಅಂತ ಆದೇಶ ಬಂದಾಗ ಬಣ್ಣಕ್ಕೆ ಬರ. ತಿಳಿ ನೀಲಿ, ತಿಳಿ ಹಸಿರು, ಕೈಗೆ ಸಿಕ್ಕಿದ್ದು ಹೊಡೆದವರೂ ಇದ್ದರು. ಆ ಬೇಸಿಗೆಯ ವಿಮಾನಕ್ಕೆ 210 ಚೂರು ಅತ್ತಿತ್ತ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಅದೇ 1942ರ ವಿಮಾನದಲ್ಲಿ ಸ್ಕೈ ಉಳಿದದ್ದು ಮೂತಿಯ ಸ್ಪಿನ್ನರ್ (ಪ್ರೊಪೆಲರ್ ನಡುವಿನ ಚೂಪು ಟೋಪಿ) ಮತ್ತು ಬಾಲದ ಹತ್ತಿರದ 18 ಇಂಚಿನ ಪಟ್ಟಿಯಲ್ಲಿ. ಪಕ್ಕದಲ್ಲೇ ಬೂದು ಬಣ್ಣ ಇರುವುದರಿಂದ ಅಲ್ಲಿ ತಪ್ಪಿದರೆ ತಕ್ಷಣ ಕಾಣುತ್ತದೆ.

ಈ ಸ್ಕೈ ಬಣ್ಣದ ಹಿಂದೆ ನಮ್ಮ ದೇಶದ ಒಂದು ಎಳೆಯೂ ಇದೆ. ಯುದ್ಧದ ಶುರುವಿನಲ್ಲಿ ಬ್ರಿಟನ್ನಿಗೆ ಆಕಾಶದಿಂದ ಫೋಟೊ ತೆಗೆಯುವ ದಳ ಕಟ್ಟಿದ ಸಿಡ್ನಿ ಕಾಟನ್ ಹೇಳಿಕೊಂಡ ಕಥೆ ಇದು. ಜೋಧಪುರದ ಮಹಾರಾಜರ ಸ್ವಂತ ವಿಮಾನ ತಿಳಿ ಹಸಿರು ಬಣ್ಣದ್ದು. ಅದು ಮೇಲೇರುತ್ತಿದ್ದಂತೆ ಆಕಾಶದಲ್ಲಿ ಕಾಣದೇ ಹೋಯಿತಂತೆ. ಅದನ್ನು ಕಂಡೇ ಆತ 'ಕ್ಯಾಮೊಟಿಂಟ್' ಎಂಬ ಬಣ್ಣ ಮಾಡಿಸಿದ. ಸ್ಕೈ ಬಂದದ್ದು ಅಲ್ಲಿಂದ. 210ರ ಪುಟ ತೆಗೆದಾಗಲೆಲ್ಲ ನನಗೆ ಆ ವಿಮಾನ ನೆನಪಾಗುತ್ತದೆ.

ಕೊರತೆಗಳೂ ಇವೆ. ನನ್ನ ಕಾರ್ಡಿನ ಬಣ್ಣಗಳಿಗೆ ಹೊಳಪು ಇದೆ, ಯುದ್ಧಕಾಲದ ಫೈಟರ್‌ಗಳದ್ದು ಮ್ಯಾಟ್. ಹೊಳಪಿದ್ದರೆ ಬಣ್ಣ ಗಾಢವಾಗಿ ಕಾಣುತ್ತದೆ, ಅದನ್ನು ಮನಸ್ಸಿನಲ್ಲೇ ಕಳೆದು ನೋಡಬೇಕು. ಇನ್ನೊಂದು, ಕಾರ್ಡಿಗೆ ಪಕ್ಕಾ ಹೊಂದಿದ ಬಣ್ಣ 1/72 ಅಳತೆಯ ಪುಟ್ಟ ವಿಮಾನದ ಮೇಲೆ ಕಪ್ಪಾಗಿ ಕಾಣುತ್ತದೆ. ನಾನು ಹತ್ತರಲ್ಲಿ ಒಂದು ಪಾಲು ತಿಳಿ ಬಣ್ಣ ಸೇರಿಸುತ್ತೇನೆ. ಡಾರ್ಕ್ ಗ್ರೀನ್‌ಗೆ ಬಿಳಿ ಹಾಕಬೇಡಿ, ಸುಣ್ಣ ಬಳಿದ ಹಾಗೆ ಆಗುತ್ತದೆ. ಮರಳಿನ ಬಣ್ಣ ಹಾಕಿ.

ಆರು ವರ್ಷದಲ್ಲಿ ಅಂಚುಗಳು ಸ್ವಲ್ಪ ಸವೆದಿವೆ, ಬಣ್ಣ ಮಾಸಿದ ಹಾಗೆ ಕಾಣುತ್ತಿಲ್ಲ. ಬಟ್ಟೆಯಲ್ಲಿ ಸುತ್ತಿ ಬೀರುವಿನ ಒಳಗೆ ಇಡುತ್ತೇನೆ. ಬೆರಳಿನ ಎಣ್ಣೆ ತಾಗದಂತೆ ಅಂಚು ಹಿಡಿದೇ ಬಿಚ್ಚುತ್ತೇನೆ.

ಬರೀ ಜರ್ಮನ್ ವಿಮಾನ ಮಾಡುವವರು ಇದಕ್ಕೆ ದುಡ್ಡು ಹಾಕಬೇಡಿ. ಜರ್ಮನ್ ವಾಯುಯಾನ ಸಚಿವಾಲಯದ ನಂಬರಿನ ಬಣ್ಣಗಳಾದ ಆರ್‌ಎಲ್‌ಎಂ 74, 75, 76 ಇದರಲ್ಲಿ ಸಿಗುವುದಿಲ್ಲ. ಅಮೆರಿಕದ ವಿಮಾನಗಳಿಗೆ ಎಫ್‌ಎಸ್ 595 ಅಂತ ಬೇರೆಯದೇ ಬಣ್ಣಗಳ ಸ್ಟ್ಯಾಂಡರ್ಡ್ ಇತ್ತು, 2017ರಿಂದ ಅದರ ಜಾಗದಲ್ಲಿ ಎಎಂಎಸ್-ಎಸ್‌ಟಿಡಿ-595 ಇದೆ. ಸ್ಪಿಟ್‌ಫೈರ್, ಹರಿಕೇನ್ ಮಾಡುವವರು ಮಾತ್ರ ಮುಂದಿನ ಎರಡು ಕಿಟ್ ಬಿಟ್ಟಾದರೂ ಇದನ್ನು ತಗೊಳ್ಳಿ.