ಶೀರ್ಷಿಕೆ ಬರೆಯಲು ಎಸ್‌ಇಒ ಪ್ಲಗಿನ್: ಮುನ್ನೋಟ ಮೆಚ್ಚುವಂಥದ್ದು, ಎಣಿಕೆ ಒಪ್ಪುವಂಥದ್ದಲ್ಲ

ಗಿಡಗಳ ಆರೈಕೆಯ ಬಗ್ಗೆ ನಾನು ನಡೆಸುವ ಕನ್ನಡ ಜಾಲತಾಣಕ್ಕಾಗಿ, ಹುಡುಕಾಟದ ಫಲಿತಾಂಶದಲ್ಲಿ ಪುಟಗಳು ಚೆನ್ನಾಗಿ ಕಾಣಿಸಿಕೊಳ್ಳಲು ನೆರವಾಗುವ ಜೋಡಣಾ ತಂತ್ರಾಂಶ, ಅಂದರೆ ಒಂದು ಎಸ್‌ಇಒ ಪ್ಲಗಿನ್‌ನ ಚಂದಾ ಆವೃತ್ತಿಯನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅದು ಏನೇನು ಮಾಡಬಲ್ಲದು ಎಂಬ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಆದ್ದರಿಂದ ಶೀರ್ಷಿಕೆ ಬರೆಯುವ ಕೆಲಸದಲ್ಲಿ ಅದು ಎಷ್ಟರಮಟ್ಟಿಗೆ ಒದಗಿತು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಬೆಳಗ್ಗೆ ಮೊದಲು ಸರ್ಚ್ ಕನ್ಸೋಲ್ (ತಾಣ ಹುಡುಕಾಟದಲ್ಲಿ ಹೇಗೆ ಕಾಣಿಸಿಕೊಳ್ಳುತ್ತಿದೆ ಎಂದು ತೋರಿಸುವ ಗೂಗಲ್ ಉಪಕರಣ) ತೆರೆದು, ಹುಡುಕಾಟದಲ್ಲಿ ಹೆಚ್ಚು ಬಾರಿ ಕಾಣಿಸಿಕೊಂಡರೂ ಕ್ಲಿಕ್ ಕಡಿಮೆ ಇರುವ ಪುಟಗಳನ್ನು ಆರಿಸಿ, ಜನ ಯಾವ ಮಾತುಗಳಲ್ಲಿ ಹುಡುಕಿ ಆ ಪುಟದವರೆಗೆ ಬಂದಿದ್ದಾರೆ ಎಂದು ಓದುವುದು ನನ್ನ ರೂಢಿ. ‘ಗುಲಾಬಿ ಆರೈಕೆ’ ಎಂಬ ಶೀರ್ಷಿಕೆಯ ಪುಟಕ್ಕೆ ಬಂದವರಲ್ಲಿ ಹೆಚ್ಚಿನವರು ಎಲೆ ಏಕೆ ಹಳದಿಯಾಗುತ್ತದೆ ಎಂದು ಕೇಳಿದ್ದರು. ಪುಟದ ಬಹುಭಾಗ ಅದನ್ನೇ ವಿವರಿಸುತ್ತಿದ್ದರೂ ಶೀರ್ಷಿಕೆಯಲ್ಲಿ ಅದರ ಸುಳಿವೇ ಇರಲಿಲ್ಲ. ಅದನ್ನು ‘ಗುಲಾಬಿ ಗಿಡದ ಎಲೆ ಹಳದಿಯಾಗುವುದೇಕೆ? ನೀರು, ಮಣ್ಣು, ರೋಗದ ಕಾರಣಗಳು’ ಎಂದು ಬದಲಾಯಿಸಿದೆ. ಇಂಥ ತಿದ್ದುಪಡಿ ಮಾಡುವಾಗ ಪ್ಲಗಿನ್‌ನ ಮುನ್ನೋಟ ಕೊಡುವ ಸಂತೋಷವನ್ನು ನಾನು ನಿರೀಕ್ಷಿಸಿರಲಿಲ್ಲ. ಒಂದೊಂದು ಪದ ಟೈಪ್ ಮಾಡಿದಂತೆಯೂ ಹುಡುಕಾಟದ ಫಲಿತಾಂಶದಲ್ಲಿ ಆ ಸಾಲು ಹೇಗೆ ಕಾಣಬಹುದು, ಮೊಬೈಲ್‌ನಲ್ಲಿ ಎಲ್ಲಿ ತುಂಡಾಗಬಹುದು ಎಂಬುದು ಕಣ್ಣೆದುರೇ ಇರುತ್ತದೆ. ಮುಖ್ಯವಾದ ಮಾತನ್ನು ಮುಂದಕ್ಕೆ ತರುವ ಅಭ್ಯಾಸ ನನಗೆ ಬಂದದ್ದು ಈ ಮುನ್ನೋಟದಿಂದಲೇ.

ಬೇಸರ ಶುರುವಾಗುವುದು ಅದರ ಕೆಳಗಿರುವ ಬಣ್ಣದ ಪಟ್ಟಿಯಿಂದ. ಶೀರ್ಷಿಕೆ 60 ಅಕ್ಷರ ದಾಟಿದರೆ ಪಟ್ಟಿ ಕೆಂಪಾಗುತ್ತದೆ, ಆದರೆ ಪ್ಲಗಿನ್ ಅಕ್ಷರವೆಂದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ‘ಮಣ್ಣು’ ಎಂಬುದು ನಮಗೆ ಎರಡು ಅಕ್ಷರ; ಪ್ಲಗಿನ್‌ಗೆ ಮ, ಣ, ಹಲಂತದ ಚಿಹ್ನೆ, ಇನ್ನೊಂದು ಣ, ಉಕಾರ ಎಂದು ಐದು. ಒತ್ತಕ್ಷರ ಮೂಲಾಕ್ಷರದ ಅಡಿಯಲ್ಲಿ ಕೂರುವುದರಿಂದ ಸಾಲಿನ ಉದ್ದಕ್ಕೆ ಅದು ಸೇರಿಸುವುದು ಅತ್ಯಲ್ಪ. ನನ್ನ ಗುಲಾಬಿ ಶೀರ್ಷಿಕೆಯ ಮೊದಲ ನಾಲ್ಕು ಪದಗಳಲ್ಲಿ ಇರುವುದು 16 ಅಕ್ಷರ, ಪ್ಲಗಿನ್ ಲೆಕ್ಕದಲ್ಲಿ ಅದು 27. ಹೀಗಾಗಿ ಕೊನೆಗೆ ತಾಣದ ಹೆಸರು ಸೇರಿದೊಡನೆ ಪಟ್ಟಿ ಕೆಂಪಾಯಿತು. ಶೀರ್ಷಿಕೆ ಇಷ್ಟೇ ಅಕ್ಷರ ಇರಬೇಕೆಂಬ ಮಿತಿಯನ್ನು ಗೂಗಲ್ ಹಾಕಿಲ್ಲ. ಸಾಧನದ ಪರದೆಯ ಅಗಲಕ್ಕೆ ತಕ್ಕಂತೆ ಅದು ಶೀರ್ಷಿಕೆಯನ್ನು ಮೊಟಕುಗೊಳಿಸುತ್ತದೆ. ಅಗಲವನ್ನು ಅಳೆಯಬೇಕಾದ ಕಡೆ ಸಂಕೇತಗಳನ್ನು ಎಣಿಸುವ ಉಪಕರಣದ ಮಾತು ಕೇಳಿ, ಓದುಗನಿಗೆ ಬೇಕಾದ ‘ರೋಗದ ಕಾರಣಗಳು’ ಎಂಬ ಭಾಗವನ್ನು ಕತ್ತರಿಸಲು ನಾನು ಸಿದ್ಧನಿಲ್ಲ. ಈ ತೊಂದರೆಯನ್ನು ತಯಾರಕರಿಗೆ ಬರೆದು ತಿಳಿಸಿದಾಗ ಸ್ವಯಂಚಾಲಿತ ಉತ್ತರವೊಂದು ಬಂತೇ ಹೊರತು ತಿದ್ದುಪಡಿ ಬರಲಿಲ್ಲ.

ಹಣ ಕೊಟ್ಟವರಿಗಷ್ಟೇ ಸಿಗುವ ಇನ್ನೊಂದು ಸೌಲಭ್ಯ, ಶೀರ್ಷಿಕೆಯಲ್ಲಿ ಪ್ರಸಕ್ತ ವರ್ಷವನ್ನು ತಾನಾಗಿಯೇ ತುಂಬುವ ಅಚ್ಚು. ಒಳಗಿನ ಬರಹವನ್ನು ಮುಟ್ಟದೆ ವರ್ಷ ಮಾತ್ರ ಹೊಸದಾದರೆ ಅದು ಓದುಗನಿಗೆ ಮಾಡುವ ಮೋಸ ಎಂದೇ ನನ್ನ ಭಾವನೆ. ಗೂಗಲ್ ಕೂಡ ಶೀರ್ಷಿಕೆಯನ್ನು ಕಣ್ಣುಮುಚ್ಚಿ ಒಪ್ಪುವುದಿಲ್ಲ. 2021ರ ಆಗಸ್ಟ್‌ನಲ್ಲಿ ಅದು ಫಲಿತಾಂಶದ ಶೀರ್ಷಿಕೆಗಳನ್ನು ರೂಪಿಸುವ ಹೊಸ ವ್ಯವಸ್ಥೆಯನ್ನು ಪ್ರಕಟಿಸಿತು. ಶೇ 87ರಷ್ಟು ಸಂದರ್ಭಗಳಲ್ಲಿ ಪುಟದ ಟೈಟಲ್ ಟ್ಯಾಗನ್ನೇ (ಪುಟದ ಕೋಡ್‌ನಲ್ಲಿ ನಾವು ಬರೆದಿಟ್ಟ ಶೀರ್ಷಿಕೆ) ಬಳಸುತ್ತಿರುವುದಾಗಿ ಮರುತಿಂಗಳು ತಿಳಿಸಿತು. ಉಳಿದೆಡೆ ಪುಟದೊಳಗಿನ ದೊಡ್ಡ ತಲೆಬರಹದಂಥ ಪಠ್ಯದಿಂದ ಬೇರೆ ಶೀರ್ಷಿಕೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಆ ತಲೆಬರಹವೂ ಟೈಟಲ್ ಟ್ಯಾಗೂ ಒಂದೇ ಮಾತನ್ನು ಹೇಳುವಂತೆ ನೋಡಿಕೊಳ್ಳುವುದು ಯಾವ ಅಚ್ಚಿಗಿಂತಲೂ ಉಪಯುಕ್ತ, ಮತ್ತು ಅದಕ್ಕೆ ಖರ್ಚಿಲ್ಲ.

ಜಾಹೀರಾತಿಲ್ಲದೆ ನಡೆಯುವ ನನ್ನಂಥವರ ತಾಣಕ್ಕೆ ಪ್ರತಿ ಚಂದಾವೂ ಭಾರವೇ. ನೂರಾರು ಪುಟಗಳಲ್ಲಿ ಒಂದೇ ಶೀರ್ಷಿಕೆ ಮರುಕಳಿಸಿರುವುದನ್ನು ಪತ್ತೆ ಮಾಡಬೇಕಾದ ದೊಡ್ಡ ತಾಣದವರಿಗೆ ಈ ಪ್ಲಗಿನ್ ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡಬಹುದು. ನಾನು ಈ ಬಾರಿ ಚಂದಾ ನವೀಕರಿಸಲಿಲ್ಲ. ಮುನ್ನೋಟ ಉಚಿತ ಆವೃತ್ತಿಯಲ್ಲೂ ಇದೆ. ಬಣ್ಣದ ಪಟ್ಟಿಯನ್ನು ಸೆಟ್ಟಿಂಗ್ಸ್‌ನಲ್ಲಿ ಮರೆಮಾಡಿ ಅದನ್ನೇ ಬಳಸುತ್ತಿದ್ದೇನೆ.