ಗ್ರಾನೈಟ್, ಕ್ವಾರ್ಟ್ಸ್, ಸಿಂಟರ್ಡ್ ಸ್ಟೋನ್: ಮೂರರ ಮೇಲೂ ಅಡುಗೆ ಮಾಡಿ ನೋಡಿದ್ದು

ಅಡುಗೆಮನೆ ಕಟ್ಟೆಗೆ ಯಾವ ಕಲ್ಲು ಅಂತ ಕೇಳಿದರೆ ಅಂಗಡಿಯವರು ಮೊದಲು ಬಣ್ಣ ತೋರಿಸುತ್ತಾರೆ. ನಾನು ಕೇಳುವುದು ಬೇರೆ: ನಿಮ್ಮ ಮನೆಯಲ್ಲಿ ತೆಂಗಿನಕಾಯಿ ಎಲ್ಲಿ ಒಡೆಯುತ್ತೀರಿ?

ಅಮ್ಮನ ಮನೆಯಲ್ಲಿ ಕರಿ ಗ್ರಾನೈಟ್, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬಿಳಿ ಕ್ವಾರ್ಟ್ಸ್, ಈಗ ನಮ್ಮ ಮನೆಯಲ್ಲಿ ಸಿಂಟರ್ಡ್ ಸ್ಟೋನ್.

ಗ್ರಾನೈಟ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಕನಕಪುರ, ಚಾಮರಾಜನಗರ, ಇಳಕಲ್ ಕಡೆಯ ನಮ್ಮದೇ ಕಲ್ಲು, ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಬಿಸಿ ಕುಕ್ಕರ್ ಇಡಿ, ಕುಟ್ಟಾಣಿಯಲ್ಲಿ ಏಲಕ್ಕಿ ಕುಟ್ಟಿ, ಏನೂ ಆಗದು. ತಿಳಿ ಬಣ್ಣದ್ದಾದರೆ ಎಣ್ಣೆ ಹೀರಿಕೊಳ್ಳುತ್ತದೆ, ಆಗಾಗ ಸೀಲರ್ (ಕಲೆ ಒಳಗಿಳಿಯದಂತೆ ತಡೆಯುವ ದ್ರವ) ಹಚ್ಚಿಸಬೇಕು. ಕರಿ ಕಲ್ಲು ಕೊಳ್ಳುವಾಗ ಮಾತ್ರ ಹತ್ತಿಗೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ಒರೆಸಿ ನೋಡಿ. ಹತ್ತಿ ಕಪ್ಪಾದರೆ ಅದಕ್ಕೆ ಬಣ್ಣ ಬಳಿದಿದ್ದಾರೆ ಅಂತಲೇ ಅರ್ಥ.

ಕ್ವಾರ್ಟ್ಸ್ ನೋಡಲು ಚಂದ, ನಮ್ಮ ಅಡುಗೆಗೆ ಅಲ್ಲ. ಸುಮಾರು 90 ಭಾಗ ಕಲ್ಲಿನ ಪುಡಿ, ಉಳಿದದ್ದು ಆ ಪುಡಿಯನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್. ಆ ರೆಸಿನ್‌ಗೆ ಬಿಸಿ ಆಗಿಬರುವುದಿಲ್ಲ. 150 ಡಿಗ್ರಿ ದಾಟಿದರೆ ಕಲೆ ಬೀಳುವ ಭಯ, ದೋಸೆ ಹೆಂಚು 200 ಡಿಗ್ರಿಯನ್ನು ಸುಲಭವಾಗಿ ಮುಟ್ಟುತ್ತದೆ. ಅರಿಶಿನ ಇನ್ನೊಂದು ತಲೆನೋವು: ರಾತ್ರಿ ಬಿದ್ದ ಹುಳಿಯ ಹನಿಯನ್ನು ಬೆಳಿಗ್ಗೆ ಒರೆಸಿದರೆ ನಡುವಿನ ಕಲೆ ಹೋಯಿತು, ಸುತ್ತ ತೆಳು ಹಳದಿ ಗೆರೆ ಉಳಿಯಿತು, ಅಡುಗೆ ಸೋಡಾ ಕಲಸಿ ಹಚ್ಚಿಟ್ಟ ಮೇಲೂ ಪೂರ್ತಿ ಹೋಗಲಿಲ್ಲ. ಇದನ್ನು ಕತ್ತರಿಸುವವರ ಶ್ವಾಸಕೋಶಕ್ಕೆ ಆ ದೂಳು ಎಷ್ಟು ಅಪಾಯ ಅಂದರೆ, ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನು ನಿಷೇಧಿಸಿದೆ. ನೀವು ಯಾವ ಕಲ್ಲೇ ಹಾಕಿಸಿ, ನೀರು ಬಿಟ್ಟುಕೊಂಡೇ ಕತ್ತರಿಸಲು ಹೇಳಿ. ಕೆಲಸದವರು ಬರಿ ಮುಖದಲ್ಲಿ ಆ ದೂಳಿನ ನಡುವೆ ನಿಂತಿರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇನ್ನು ಸಿಂಟರ್ಡ್ ಸ್ಟೋನ್. ಜೇಡಿ, ಫೆಲ್ಡ್‌ಸ್ಪಾರ್, ಸಿಲಿಕಾ ಎಲ್ಲ ಒತ್ತಿ 1200 ಡಿಗ್ರಿ ಆಸುಪಾಸಿನಲ್ಲಿ ಸುಟ್ಟ ಹಲಗೆ, ರೆಸಿನ್ ಇಲ್ಲ. ಸೆರಾಮಿಕ್ ಸ್ಲ್ಯಾಬ್ ಅಂತ ಮಾರುವುದೂ ಹೆಚ್ಚುಕಡಿಮೆ ಇದೇ ಜಾತಿ. ಗುಜರಾತಿನ ಮೋರ್ಬಿಯಲ್ಲೇ ಈಗ ತಯಾರಾಗುತ್ತದೆ. ಅರಿಶಿನ, ಹುಣಸೆಹುಳಿ, ಬೀಟ್‌ರೂಟ್, ನಿಂಬೆರಸ, ಯಾವುದನ್ನು ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಹೋಗುತ್ತದೆ. ಸೀಲರ್ ಬೇಡ. ಸ್ಟೀಲ್ ಪಾತ್ರೆ ಎಳೆದಾಡಿದರೆ ಮ್ಯಾಟ್ ಮೇಲ್ಮೈಯಲ್ಲಿ ಬೂದು ಗೆರೆ ಕಾಣುತ್ತದೆ, ಅದು ಗೀರಲ್ಲ, ಕಲ್ಲಿಗೆ ಅಂಟಿದ ಲೋಹ. ಕ್ರೀಮ್ ಕ್ಲೀನರ್ ಹಾಕಿ ಮೆತ್ತಗೆ ಉಜ್ಜಿದರೆ ಸಾಕು. ಸೆರಾಮಿಕ್ ಚಾಕು ಮಾತ್ರ ನಿಜವಾಗಿಯೂ ಗೀರುತ್ತದೆ.

ಇದರ ದೌರ್ಬಲ್ಯ ಎಲ್ಲಾ ಅಂಚಿನಲ್ಲಿದೆ. ಭಾರದ ಕುಕ್ಕರ್ ತಾಗಿದರೆ ಅಂಚು ಚಕ್ಕೆ ಏಳಬಹುದು. ಡಿಸೈನ್ ಮೇಲ್ಪದರದಲ್ಲಿ ಮಾತ್ರ ಇದ್ದರೆ ಒಳಗಿನ ಬೇರೆ ಬಣ್ಣ ಹಲ್ಲು ಕಿರಿಯುತ್ತದೆ, ಹಾಗಾಗಿ ಫುಲ್ ಬಾಡಿ ಇರುವುದನ್ನೇ ಕೇಳಿ. 45 ಡಿಗ್ರಿಗೆ ಕೂಡಿಸಿದ ಚೂಪು ಅಂಚು ಶೋರೂಮಿಗೆ ಸರಿ, ಮನೆಗೆ ಸ್ವಲ್ಪ ಗುಂಡಗೆ ಮಾಡಿಸಿ. ಸಿಂಕ್, ಒಲೆಗೆ ಕೊರೆಯುವ ಕಿಂಡಿಯ ಒಳಮೂಲೆಯೂ ಗುಂಡಗೇ ಇರಬೇಕು, ಚೌಕ ಮೂಲೆಯಿಂದಲೇ ಬಿರುಕು ಶುರುವಾಗುವುದು. 12 ಎಂಎಂ ಹಲಗೆಯಾದರೆ ಕೆಳಗೆ ಕಡಪಾ ಕಲ್ಲೋ ಪ್ಲೈವುಡ್ಡೋ ಪೂರ್ತಿ ಆಧಾರ ಕೊಡಬೇಕು, ನಡುವೆ ಟೊಳ್ಳು ಬಿಡಬಾರದು. ಇಷ್ಟೆಲ್ಲ ಗೊತ್ತಿರುವ ಮೇಸ್ತ್ರಿ ಸಿಗದಿದ್ದರೆ ಗ್ರಾನೈಟೇ ಹಾಕಿಸಿ, ನಿಜವಾಗಿಯೂ.

ಮೇಸ್ತ್ರಿ ಸಿಕ್ಕರೆ, ದುಡ್ಡೂ ಇದ್ದರೆ, ನನ್ನ ಆಯ್ಕೆ ಸಿಂಟರ್ಡ್. ಜೊತೆಗೆ ಸಿಂಕ್ ಪಕ್ಕದ ಮೂಲೆಯಲ್ಲಿ ದಪ್ಪ ಗ್ರಾನೈಟ್ ತುಂಡೊಂದನ್ನು ಹಾಕಿಸಿದ್ದೇನೆ. ಕುಟ್ಟುವುದು, ಕಾಯಿ ಒಡೆಯುವುದು ಎಲ್ಲಾ ಅಲ್ಲೇ.