ಮ್ಯಾಂಚೆಸ್ಟರ್‌ನ ಪ್ಯಾಂಕ್‌ಹರ್ಸ್ಟ್ ಸೆಂಟರ್: ಚಿಕ್ಕದು, ಆದರೂ ನೋಡಲೇಬೇಕು

ದೊಡ್ಡ ಮ್ಯೂಸಿಯಂ ಅಂದುಕೊಂಡು ಹೋಗಬೇಡಿ. ನೆಲ್ಸನ್ ಸ್ಟ್ರೀಟ್‌ನಲ್ಲಿ, ಆಸ್ಪತ್ರೆ ಕಟ್ಟಡಗಳ ನಡುವೆ ಉಳಿದುಕೊಂಡಿರುವ ಹಳೇ ಇಟ್ಟಿಗೆ ಮನೆ. 1898ರಲ್ಲಿ ಗಂಡ ತೀರಿಕೊಂಡ ಮೇಲೆ, ಬ್ರಿಟನ್‌ನಲ್ಲಿ ಹೆಂಗಸರ ಮತದ ಹಕ್ಕಿಗೆ ಹೋರಾಡಿದ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು, ಜನನ ಮರಣ ನೋಂದಣಿ ಕೆಲಸ ಮಾಡಿ ಸಂಸಾರ ತೂಗಿಸಿದರು, ಅಲ್ಲಿಗೆ ಬರುತ್ತಿದ್ದ ಬಡ ಹೆಂಗಸರ ಪಾಡು ಕಂಡು ಅವರ ಹಟ ಇನ್ನೂ ಗಟ್ಟಿಯಾಯಿತು.

ಪಾರ್ಲರ್ ಕೋಣೆಯನ್ನು ಆ ಕಾಲದ ಹಾಗೇ ಜೋಡಿಸಿದ್ದಾರೆ. 1903ರ ಅಕ್ಟೋಬರ್ 10ರಂದು ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದ ಅವರ ಸಂಘ ಹುಟ್ಟಿದ್ದು ಈ ಮನೆಯಲ್ಲೇ. ನಾನು ಜಾಸ್ತಿ ಹೊತ್ತು ನಿಂತಿದ್ದು ಆ ಕೋಣೆಯಲ್ಲಿ. ಆ ಹೋರಾಟದಲ್ಲಿ ಹೆಂಗಸರು ಮುಂದೆ ಕಂಡ ಜೈಲು, ಉಪವಾಸ ಎಲ್ಲಕ್ಕೂ ಶುರು ಇಲ್ಲೇ ಅಲ್ವಾ! ಮನೆಯೊಳಗಿನ ಹಿಂಸೆಯಿಂದ ನೊಂದ ಹೆಂಗಸರಿಗೆ ಈ ಕಟ್ಟಡದಿಂದ ಈಗಲೂ ನೆರವು ಸಿಗುತ್ತದೆ, ಅದು ನನಗೆ ತುಂಬಾ ಹಿಡಿಸಿತು. ವಾರವಿಡೀ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ.